ಕಂಠಪ್ಪ ಮೇಷ್ಟ್ರ ಯಂತ್ರಕ್ಕೆ ದನಿ ಬಂದದ್ದು

ಗುರುವಾರ ಸಂಜೆ, ಹೋಗಿದ್ದ ಕರೆಂಟು ವಾಪಸ್ಸು ಬಂದಾಗ ಪುಟ್ಟತಾಯಮ್ಮ ಹಿತ್ತಲಲ್ಲಿ ಹುರುಳಿ ಕೇರುತ್ತಿದ್ದಳು. ನಡುಮನೆಯ ಬಲ್ಬು ಒಮ್ಮೆ ಕಣ್ಣು ಕುಕ್ಕುವಂತೆ ಉರಿದು ಪಟ್ಟನೆ ಆರಿಹೋಯಿತು. ಅದರ ಹಿಂದೆಯೇ ಮೂಲೆಯ ಕೋಣೆಯಿಂದ ರಬ್ಬರು ಸುಟ್ಟ ವಾಸನೆ ಬಂತು. ಅವಳು ಮೊರ ಅಲ್ಲೇ ಇಟ್ಟು ಓಡಿ ಬರುವಷ್ಟರಲ್ಲಿ ಗಂಡ ಕಂಠಪ್ಪ ಮೇಷ್ಟ್ರು ಗೋಡೆ ತಡವಿ ಸ್ವಿಚ್ಚು ಆರಿಸಿ, ಕಂಪ್ಯೂಟರಿನ ಮುಂದೆ ಸುಮ್ಮನೆ ನಿಂತಿದ್ದರು.

"ಏನಾಯ್ತು?"

"ಗೊತ್ತಿಲ್ಲ. ಅರ್ಧ ವಾಕ್ಯದಲ್ಲಿ ಮಾತು ನಿಂತೋಯ್ತು" ಅಂದರು ಮೇಷ್ಟ್ರು.

ಕಂಠಪ್ಪ ಮೇಷ್ಟ್ರಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣುತ್ತಿರಲಿಲ್ಲ. ಗಾವಡಗೆರೆಯ ಹೈಸ್ಕೂಲಿನಲ್ಲಿ ಹದಿಮೂರು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದರು. ಎರಡು ವರ್ಷದ ಹಿಂದೆ ಮೈಸೂರಿನ ಶಿವಶಂಕರ ಎನ್ನುವ ಕಾಲೇಜು ಮೇಷ್ಟ್ರೊಬ್ಬರು ಒಂದು ಹಳೆಯ ಕಂಪ್ಯೂಟರನ್ನೂ ಪ್ರಿಂಟರನ್ನೂ ತಂದುಕೊಟ್ಟು, ಕಂಪ್ಯೂಟರಿಗೆ ವಿಂಡೋಸಿನ ಬದಲು ಲಿನಕ್ಸ್ ಎನ್ನುವ ವ್ಯವಸ್ಥೆ ಹಾಕಿ, ಪರದೆಯ ಮೇಲೆ ಬರುವ ಇಂಗ್ಲಿಷನ್ನೆಲ್ಲ ಗಟ್ಟಿಯಾಗಿ ಓದುವ ಹಾಗೆ ಮಾಡಿಕೊಟ್ಟಿದ್ದರು. ಮೂಗಿನಲ್ಲಿ ಮಾತಾಡುವ ಆ ದನಿ ಬಂದ ಮೇಲೆ ಮೇಷ್ಟ್ರು ಯಾರನ್ನೂ ಕೇಳದೆ ತಮ್ಮ ಪಾಠದ ಟಿಪ್ಪಣಿ ತಾವೇ ಬರೆದು, ತಾವೇ ತಿದ್ದಿಕೊಳ್ಳುತ್ತಿದ್ದರು.

ಅದಕ್ಕೆ ಮುಂಚೆ ಆ ಕೆಲಸ ಪುಟ್ಟತಾಯಮ್ಮನದಾಗಿತ್ತು. ರಾವಂದೂರಿನ ಶಾಲೆಯಲ್ಲಿ ಅವಳು ಓದಿದ್ದು ಏಳನೇ ತರಗತಿ. ಇಂಗ್ಲಿಷ್ ಅಕ್ಷರ ಗೊತ್ತಿತ್ತು, ಪದ ಗೊತ್ತಿರಲಿಲ್ಲ. ಆದರೂ ಮದುವೆಯಾದ ಹೊಸದರಲ್ಲಿ, ಮೇಷ್ಟ್ರು ಬಿ.ಎಡ್. ಓದುವಾಗ, ಪುಸ್ತಕದ ಪುಟಗಟ್ಟಲೆ ಅಕ್ಷರ ಅಕ್ಷರವಾಗಿ ಓದಿ ಹೇಳಿದ್ದಳು. ಅವಳು ಅಕ್ಷರ ಹೇಳುವುದು, ಅವರು ಮನಸ್ಸಿನಲ್ಲೇ ಕೂಡಿಸಿ ಪದ ಮಾಡಿಕೊಂಡು "ಹೂಂ" ಅನ್ನುವುದು. ಯಂತ್ರ ಬಂದ ಮೇಲೆ ಆ ಹೂಂಕಾರ ಯಂತ್ರದ ಪಾಲಾಯಿತು. ಅವಳಿಗೆ ಸಂಜೆ ಹೊತ್ತು ಕೈ ಬಿಡುವಾಯಿತು. ಅದರಿಂದ ಸಂತೋಷವಾಗಬೇಕಿತ್ತು. ಅಷ್ಟೇನೂ ಆಗಲಿಲ್ಲ ಅನ್ನುವುದನ್ನು ಅವಳು ಯಾರ ಹತ್ತಿರವೂ ಹೇಳಿರಲಿಲ್ಲ.

ಈಗ ದನಿ ನಿಂತ ಹೊತ್ತು ಒಳ್ಳೆಯದಾಗಿರಲಿಲ್ಲ. ಅದು ೨೦೦೪ರ ಜನವರಿ. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗೆ ಇಡೀ ತಾಲ್ಲೂಕಿಗೆ ಒಂದೇ ಪ್ರಶ್ನೆಪತ್ರಿಕೆ. ಇಂಗ್ಲಿಷಿನದ್ದನ್ನು ತಯಾರು ಮಾಡಲು ಆ ಸಲ ಮೊದಲ ಬಾರಿಗೆ ಕಂಠಪ್ಪ ಮೇಷ್ಟ್ರಿಗೆ ಹೇಳಿದ್ದರು. ಸಭೆಯಲ್ಲಿ ಒಬ್ಬಿಬ್ಬರು "ಅವರು ಹೇಗೆ ಮಾಡ್ತಾರೆ? ಇನ್ನೊಬ್ಬರ ಕೈಲಿ ಓದಿಸ್ಬೇಕು, ಬರೆಸ್ಬೇಕು, ಗುಟ್ಟು ಉಳಿಯೋದು ಹ್ಯಾಗೆ?" ಎಂದು ಆಕ್ಷೇಪಣೆ ಎತ್ತಿದ್ದರು. "ನನ್ನ ಪತ್ರಿಕೆ ನಾನೇ ಓದ್ಕೋತೀನಿ, ನಾನೇ ಬರೀತೀನಿ" ಎಂದು ಮೇಷ್ಟ್ರು ಎದ್ದು ನಿಂತು ಹೇಳಿ ಬಂದಿದ್ದರು. ಸೋಮವಾರ ಹನ್ನೊಂದು ಗಂಟೆಗೆ ಹುಣಸೂರಿಗೆ ಒಯ್ದು ಒಪ್ಪಿಸಬೇಕು. ಮುಕ್ಕಾಲು ಭಾಗ ಯಂತ್ರದೊಳಗೆ ಇತ್ತು.

ಶುಕ್ರವಾರ ಮೇಷ್ಟ್ರಿಗೆ ಶಾಲೆ. ಪುಟ್ಟತಾಯಮ್ಮನೇ ಕಂಪ್ಯೂಟರಿನ ಡಬ್ಬವನ್ನು ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹುಣಸೂರಿಗೆ ಹೋದಳು. ರಿಪೇರಿ ಅಂಗಡಿಯವನು ಮುಚ್ಚಳ ಬಿಚ್ಚಿ ನೋಡಿ, ಕರೆಂಟು ಕೊಡುವ ಪೆಟ್ಟಿಗೆ ಸುಟ್ಟಿದೆ, ಸೌಂಡ್ ಕಾರ್ಡೂ ಹೋಗಿದೆ, ಹಳೇ ಕಾಲದ ಕಾರ್ಡು ಈಗ ಸಿಗುವುದಿಲ್ಲ ಎಂದು ಬೇರೆ ಪೆಟ್ಟಿಗೆಯ ಜೊತೆ ಹೊಸ ಥರದ ಕಾರ್ಡೊಂದನ್ನು ಹಾಕಿದ. ಪರದೆಯ ಮೇಲೆ ಅಕ್ಷರ ಬಂದವು.

"ನೋಡೀಮ್ಮ, ಸರಿಯಾಯ್ತು."

"ಮಾತು?"

"ಈ ಸಿಡಿ ಹಾಕ್ಕೊಳ್ಳಿ, ಮಾತೂ ಬತ್ತದೆ" ಎಂದು ಕಾರ್ಡಿನ ರಟ್ಟಿನ ಡಬ್ಬಿಯನ್ನೂ ಅದರೊಳಗಿನ ಸಿಡಿಯನ್ನೂ ಕೊಟ್ಟ.

ಮನೆಗೆ ತಂದು ಹಾಕಿದರೆ ಮಾತು ಬರಲಿಲ್ಲ. ಡಬ್ಬಿಯ ಮೇಲಿನ ಅಕ್ಷರಗಳನ್ನು ಪುಟ್ಟತಾಯಮ್ಮನ ಕೈಯಲ್ಲಿ ಓದಿಸಿಕೊಂಡ ಮೇಲೆ ಮೇಷ್ಟ್ರಿಗೆ ತಿಳಿಯಿತು: ಆ ಸಿಡಿ ವಿಂಡೋಸಿಗೆ ಮಾತ್ರ, ಲಿನಕ್ಸಿಗಲ್ಲ.

"ಈ ಹೊಸ ಕಾರ್ಡಿನ ಹತ್ರ ಹೇಗೆ ವ್ಯವಹರಿಸ್ಬೇಕು ಅಂತ ನಮ್ಮ ಯಂತ್ರಕ್ಕೆ ಗೊತ್ತಿಲ್ಲ" ಅಂದರು. "ಗೊತ್ತುಮಾಡಿಸ್ಬೇಕು."

"ಶಿವಶಂಕರಪ್ಪೋರ್ನ ಕೇಳಿ."

ಫೋನು ಮಾಡಿದರು. ಆ ಕಡೆ ಗಂಟೆ ಹೊಡೆದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ.

"ನೀವು ಬಾಯಲ್ಲಿ ಹೇಳಿ, ನಾನು ಒಂದೊಂದೇ ಅಕ್ಷರ ಬರ್ಕೋತೀನಿ ಪತ್ರಿಕೇನ" ಎಂದಳು ಅವಳು. "ನನ್ನ ಕೈಲಿ ಗುಟ್ಟೇನೂ ಆಚಿಗೋಗಲ್ಲ."

"ನಿನ್ನ ಮೇಲೆ ಅನುಮಾನ ಇಲ್ಲ ಕಣೆ. ಆದ್ರೆ ನಾನೇ ಓದ್ಕೋತೀನಿ ಅಂತ ಸಭೇಲಿ ಹೇಳಿ ಬಂದಿದೀನಿ. ಕೊನೇ ಸಲ ನನ್ನ ಕಿವಿಯಿಂದ ಕೇಳ್ದೆ ಕೊಡೋಕೆ ನನಗೆ ಮನಸ್ಸು ಒಪ್ಪಲ್ಲ."

ಮಗಳು ಅನುಶ್ರೀ ಇದ್ದಿದ್ದರೆ ಪದ ಪದ ಓದುತ್ತಿದ್ದಳು. ಅವಳು ಮೈಸೂರಿನ ಹಾಸ್ಟೆಲಿನಲ್ಲಿ ಪಿಯುಸಿ ಪರೀಕ್ಷೆಗೆ ಓದುತ್ತಿದ್ದಳು. ಶಾಲೆಯ ಉಳಿದ ಮೇಷ್ಟ್ರುಗಳನ್ನು ಕರೆಯುವ ಹಾಗಿರಲಿಲ್ಲ. ಯಂತ್ರದ ತುಂಬ ಪ್ರಶ್ನೆಗಳೇ ಇದ್ದವು, ಪರೀಕ್ಷೆ ಬರೆಯುವವರು ಅವರ ವಿದ್ಯಾರ್ಥಿಗಳೇ.

ಹೀಗಾಗಿ ಶನಿವಾರ ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೇ ಕೂತರು. ಆ ದಿನದಿಂದ ಊರಿಗೆ ಕರೆಂಟು ಬೆಳಿಗ್ಗೆ ಆರರಿಂದ ಒಂಬತ್ತು, ಮಧ್ಯಾಹ್ನ ಎರಡರಿಂದ ಐದು ಮಾತ್ರ. ಕರೆಂಟು ಹೋದರೂ ಸ್ವಲ್ಪ ಹೊತ್ತು ಯಂತ್ರವನ್ನು ಕಾಯುತ್ತಿದ್ದ ಬ್ಯಾಟರಿ ಪೆಟ್ಟಿಗೆ ಗುರುವಾರವೇ ಸುಟ್ಟುಹೋಗಿತ್ತು.

ಮೇಷ್ಟ್ರಿಗೆ ಒಂದು ದಾರಿ ಗೊತ್ತಿತ್ತು. ಯಂತ್ರ ಕೊಟ್ಟಾಗ ಶಿವಶಂಕರ ಕೆಲವು ವಿಷಯ ಹೇಳಿಕೊಟ್ಟಿದ್ದರು. ಮೇಷ್ಟ್ರು ಅವನ್ನೆಲ್ಲ ಬ್ರೈಲ್ ಹಾಳೆಯಲ್ಲಿ ಚುಚ್ಚಿ ಇಟ್ಟುಕೊಂಡಿದ್ದರು. ಎಲ್ಲದರ ಬುಡದಲ್ಲಿ ಕರ್ನಲ್ ಎನ್ನುವ ಮೂಲ ಪ್ರೋಗ್ರಾಂ ಒಂದಿದೆ, ಕೀಲಿಮಣೆ, ಡಿಸ್ಕು, ಸೌಂಡ್ ಕಾರ್ಡು ಎಲ್ಲವನ್ನೂ ನಡೆಸುವುದು ಅದೇ. ಅದನ್ನು ಬರೆದಿರುವ ಮೂಲ ಸಾಲುಗಳು ಒಂದು ಸಿಡಿಯಲ್ಲಿವೆ. ಬೇಕಾದ್ದನ್ನು ಸೇರಿಸಿ ಹೊಸದಾಗಿ ಕಟ್ಟಿಕೊಳ್ಳಬಹುದು.

"ಕಟ್ಟೋದು ಅಂದ್ರೆ?"

"ಮನುಷ್ಯರು ಓದೋ ಸಾಲನ್ನ ಯಂತ್ರ ಓದೋ ಹಾಗೆ ಮಾಡೋದು. ಅದು ತಾನೇ ಮಾಡ್ಕೊಳ್ಳುತ್ತೆ. ನಾವು ಹೇಳಿ ಬಿಟ್ಟರೆ ಸಾಕು."

ಮೇಷ್ಟ್ರು ಸಿಡಿಯಿಂದ ಆ ಸಾಲುಗಳನ್ನೆಲ್ಲ ಡಿಸ್ಕಿಗೆ ಬಿಚ್ಚಿಸಿಕೊಂಡರು. ಹಳೆಯ ಕರ್ನಲನ್ನು ಯಾವ ಯಾವ ಆಯ್ಕೆಗಳಿಂದ ಕಟ್ಟಲಾಗಿತ್ತು ಎನ್ನುವ ಪಟ್ಟಿ ಯಂತ್ರದಲ್ಲೇ ಇತ್ತು, ಅದನ್ನೂ ತಂದಿಟ್ಟರು. ಬೆರಳು ಕೀಲಿಮಣೆಯ ಮೇಲೆ ಓಡುತ್ತಿದ್ದವು, ಪ್ರತಿ ಸಾಲಿಗೂ ಪುಟ್ಟತಾಯಮ್ಮ ಪರದೆ ನೋಡಿ ಅಕ್ಷರ ಹೇಳುತ್ತಿದ್ದಳು. ಕಟ್ಟುವ ಆಜ್ಞೆ ಕೊಟ್ಟಾಗ ಎರಡೂವರೆ ದಾಟಿತ್ತು.

ಪರದೆಯ ಮೇಲೆ ಸಾಲುಗಳು ಹರಿಯತೊಡಗಿದವು. ಒಂದನ್ನು ಓದಲು ಬಾಯಿ ತೆರೆಯುವಷ್ಟರಲ್ಲಿ ಅದು ಮೇಲೆ ಹೋಗಿ ಇನ್ನೊಂದು ಬರುತ್ತಿತ್ತು.

"ಏನಂತಿದೆ?"

"ಏನೇಳ್ಲಿ? ಇರುವೆ ಸಾಲು ಓಗಂಗೆ ಓಯ್ತಾ ಅದೆ."

"ಎರರ್ ಅಂತ ಬಂದ್ರೆ ಹೇಳು. ಇ, ಆರ್, ಆರ್, ಓ, ಆರ್."

ಅವಳು ಕಣ್ಣು ಮಿಟುಕಿಸದೆ ಕೂತಳು. ಮೂರೂವರೆಯಾಯಿತು. ನಾಲ್ಕಾಯಿತು. ಕಣ್ಣಲ್ಲಿ ನೀರು ಬಂತು. ದನ ಅಂಬಾ ಅಂದಿತು, ಎದ್ದು ಹೋಗಿ ನೀರಿಟ್ಟು ಬಂದಳು. ಸಾಲು ಹರಿಯುತ್ತಲೇ ಇತ್ತು. ಐದಕ್ಕೆ ಸರಿಯಾಗಿ ಕರೆಂಟು ಹೋಯಿತು. ಪರದೆ ಕಪ್ಪಾಯಿತು.

"ಮುಗಿದಿತ್ತಾ?"

"ಇಲ್ಲ ಕಣ್ರೀ. ಇನ್ನೂ ಓಡ್ತಿತ್ತು."

ಭಾನುವಾರ ಬೆಳಿಗ್ಗೆ ಆರಕ್ಕೆ ಯಂತ್ರ ಹಚ್ಚಿದಾಗ ಅದು ಎಂದಿನಂತೆ ಏಳಲಿಲ್ಲ. ಪರದೆಯ ಮೇಲೆ ಒಂದು ಪ್ರಶ್ನೆ ನಿಂತಿತ್ತು. ಪುಟ್ಟತಾಯಮ್ಮ ಅಕ್ಷರ ಹೇಳಿದಳು. ಕೊನೆಯಲ್ಲಿ ವೈ ಅಥವಾ ಎನ್ ಅನ್ನುವಂತಿತ್ತು. ತಟ್ಟನೆ ಕರೆಂಟು ಹೋದಾಗ ಡಿಸ್ಕಿನಲ್ಲಿ ಬರೆಯುತ್ತಿದ್ದದ್ದು ಅರ್ಧಕ್ಕೆ ನಿಂತು ಕಲಸಿಹೋಗಿದೆ, ಅದನ್ನು ಸರಿಮಾಡಲೇ ಎಂದು ಯಂತ್ರ ಕೇಳುತ್ತಿತ್ತು. ಹತ್ತಾರು ಸಲ ಕೇಳಿತು. ಮೇಷ್ಟ್ರು ಹತ್ತಾರು ಸಲ ವೈ ಒತ್ತಿದರು. ಕೊನೆಗೆ ಯಂತ್ರ ಎದ್ದಿತು. ಪ್ರಶ್ನೆಪತ್ರಿಕೆಯ ಫೈಲಿನ ಹೆಸರನ್ನು ಪುಟ್ಟತಾಯಮ್ಮ ಹುಡುಕಿ ಓದಿದ ಮೇಲೆಯೇ ಅವರು ಕುರ್ಚಿಗೆ ಬೆನ್ನು ಕೊಟ್ಟದ್ದು.

ಆ ಹೊತ್ತಿಗೆ ಫೋನು ಬಡಿದುಕೊಂಡಿತು. ಶಿವಶಂಕರ. ಮದುವೆಯೊಂದಕ್ಕೆ ಕೃಷ್ಣರಾಜನಗರಕ್ಕೆ ಹೋಗಿದ್ದವರು ವಾಪಸ್ಸು ಬಂದು ಫೋನಿನಲ್ಲಿ ಇವರ ನಂಬರು ನೋಡಿದರಂತೆ, ಈಗ ದೆಹಲಿಗೆ ಹೊರಟಿದ್ದರು. ಇನ್ನರ್ಧ ಗಂಟೆಗೆ ಮನೆ ಬಿಡಬೇಕು. ಪುಟ್ಟತಾಯಮ್ಮ ರಿಸೀವರನ್ನು ಮೇಷ್ಟ್ರ ಕಿವಿಗೆ ಹಿಡಿದುಕೊಂಡಳು, ಅವರ ಎರಡೂ ಕೈ ಬ್ರೈಲ್ ಹಲಗೆಯ ಮೇಲಿದ್ದವು. ಶಿವಶಂಕರ ಜೋರಾಗಿ ಮಾತಾಡುವ ಮನುಷ್ಯ, ಅವಳಿಗೂ ಎಲ್ಲ ಕೇಳುತ್ತಿತ್ತು.

"ಇಡೀ ಕರ್ನಲ್ ಕಟ್ಟೋಕೆ ಹೋದ್ರಾ? ಮೇಷ್ಟ್ರೆ, ನಿಮ್ಮ ಯಂತ್ರದಲ್ಲಿ ಅದು ಐದು ಗಂಟೆ ಕೆಲಸ! ನಿಮಗೆ ಒಂದೇ ಸಮ ಮೂರು ಗಂಟೆಗಿಂತ ಹೆಚ್ಚು ಕರೆಂಟೇ ಇರಲ್ಲ. ಕಟ್ಟಿದ್ರೂ, ಹೊಸದು ಸರಿಯಾಗಿ ಏಳದೇ ಹೋದ್ರೆ ಇರೋದೂ ಹೋಗುತ್ತೆ."

"ಮತ್ತೇನು ಮಾಡ್ಲಿ?"

"ಈಗ ಓಡ್ತಿರೋ ಕರ್ನಲನ್ನ ಮುಟ್ಟಬೇಡಿ. ಅದು ಚೆನ್ನಾಗೇ ಇದೆ. ನಿಮ್ಮ ಹೊಸ ಕಾರ್ಡಿಗೆ ಬೇಕಾದ್ದು ಒಂದು ಸಣ್ಣ ತುಂಡು, ಮಾಡ್ಯೂಲ್ ಅಂತೀವಿ. ಅದೊಂದನ್ನೇ ಬೇರೆಯಾಗಿ ಕಟ್ಟಿ, ಓಡ್ತಿರೋ ಕರ್ನಲಿಗೆ ಓಡ್ತಿರುವಾಗಲೇ ಸೇರಿಸಬಹುದು. ಯಂತ್ರ ಆರಿಸೋದೂ ಬೇಡ. ಕಾರ್ಡಿನ ಡಬ್ಬಿ ಮೇಲೆ ಏನು ನಂಬರ್ ಇದೆ?"

ಪುಟ್ಟತಾಯಮ್ಮ ಡಬ್ಬಿ ಎತ್ತಿಕೊಂಡು ರಿಸೀವರಿಗೆ ಬಾಯಿ ತಂದು ಓದಿದಳು. "ಸಿ, ಎಂ, ಐ. ಎಂಟು, ಏಳು, ಮೂರು, ಎಂಟು."

"ಒಳ್ಳೇದಾಯ್ತಮ್ಮ. ಅದರ ಮಾಡ್ಯೂಲಿನ ಹೆಸರು ಸಿ, ಎಂ, ಪಿ, ಸಿ, ಐ. ಬರ್ಕೊಳ್ಳಿ ಮೇಷ್ಟ್ರೆ."

ಮೇಷ್ಟ್ರು ಟಕಟಕ ಚುಚ್ಚುತ್ತ ಹೋದರು. ಆಯ್ಕೆಗಳ ಪಟ್ಟಿಯಲ್ಲಿ ಆ ಕಾರ್ಡಿನ ಸಾಲು ಹುಡುಕಿ 'ಬೇಡ' ಎಂದಿರುವುದನ್ನು ತೆಗೆದು ಎಂ ಅಕ್ಷರ ಹಾಕಬೇಕು, ಎಂ ಅಂದರೆ ಮಾಡ್ಯೂಲ್. ಆಮೇಲೆ ಮೇಕ್ ಡೆಪ್ ಅಂತ ಒಂದು ಆಜ್ಞೆ, ಯಾವುದಕ್ಕೆ ಯಾವುದು ಬೇಕು ಎಂದು ಅದು ಲೆಕ್ಕ ಹಾಕಿಟ್ಟುಕೊಳ್ಳುತ್ತದೆ. ಆಮೇಲೆ ಮೇಕ್ ಆಜ್ಞೆಗೆ ಸೌಂಡಿನ ಫೈಲುಗಳಿರುವ ಕೋಶದ ಹೆಸರೊಂದನ್ನೇ ಕೊಡಬೇಕು, ಆಗ ಅದು ಉಳಿದ ಯಾವುದನ್ನೂ ಮುಟ್ಟದೆ ಅದೊಂದನ್ನೇ ಕಟ್ಟುತ್ತದೆ. ಬಂದ ಫೈಲನ್ನು ಉಳಿದ ಮಾಡ್ಯೂಲುಗಳಿರುವ ಜಾಗಕ್ಕೆ ಒಯ್ದಿಟ್ಟು, ಪಟ್ಟಿ ಹೊಸದು ಮಾಡಿಸಿ, ಸೇರಿಸು ಎಂದು ಹೇಳಬೇಕು. ಒಟ್ಟು ಆರು ಮೆಟ್ಟಿಲು.

"ಇಷ್ಟೇ. ಅರ್ಧ ಗಂಟೆ ಕೆಲಸ. ನನಗೆ ಹೊತ್ತಾಯ್ತು, ಟ್ಯಾಕ್ಸಿ ಬಂತು" ಎಂದು ಶಿವಶಂಕರ ಫೋನಿಟ್ಟರು.

ಏಳೂಕಾಲಿಗೆ ಮತ್ತೆ ಕೂತರು. ಮೇಷ್ಟ್ರ ಎಡಗೈ ಬ್ರೈಲ್ ಹಾಳೆಯ ಮೇಲೆ, ಬಲಗೈ ಕೀಲಿಮಣೆಯ ಮೇಲೆ. ಹಳೆಯ ಗಲೀಜು ಉಳಿದಿರಬಾರದೆಂದು ಹಿಂದಿನ ದಿನ ಬಿಚ್ಚಿದ್ದನ್ನೆಲ್ಲ ಅಳಿಸಿ ಸಿಡಿಯಿಂದ ಹೊಸದಾಗಿ ಬಿಚ್ಚಿಕೊಂಡರು. ಎಂ ಅಕ್ಷರ ಹಾಕಿದರು. ಯಂತ್ರ ಆ ಕಾರ್ಡಿನ ಬಗ್ಗೆ ನಾಲ್ಕೈದು ಪ್ರಶ್ನೆ ಕೇಳಿತು. ಅವಳು ಓದಿದಳು, ಅವರು "ಅದು ಬೇಡ, ಇದೂ ಬೇಡ" ಎನ್ನುತ್ತ ಎಂಟರ್ ಒತ್ತಿದರು. ಡೆಪ್ ಮುಗಿಯಲು ಹತ್ತು ನಿಮಿಷ ಹಿಡಿಯಿತು. ಆಮೇಲೆ ಸೌಂಡಿನದ್ದೊಂದನ್ನೇ ಕಟ್ಟು ಎಂದರು.

ಈ ಸಲ ಸಾಲುಗಳು ಓಡಲಿಲ್ಲ. ಒಂದು ಸಾಲು ಬಂದು ನಿಂತಿತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಪುಟ್ಟತಾಯಮ್ಮನಿಗೆ ಓದುವಷ್ಟು ಪುರುಸೊತ್ತಿತ್ತು. ಹತ್ತನ್ನೆರಡು ಸಾಲಿಗೆಲ್ಲ ಮುಗಿದು ಹೋಯಿತು.

"ಅಷ್ಟೇನಾ?"

"ಅಷ್ಟೇ. ಎರರ್ ಇತ್ತಾ?"

"ಎಲ್ಲೂ ಇಲ್ಲ."

ಮೇಷ್ಟ್ರು ಫೈಲನ್ನು ಒಯ್ದಿಟ್ಟರು. ಸೇರಿಸು ಎಂದು ಆಜ್ಞೆ ಕೊಟ್ಟು ಕಿವಿಗೊಟ್ಟು ಕೂತರು. ಸ್ಪೀಕರು ಸುಮ್ಮನಿತ್ತು.

"ಏನೋ ಬಂತು" ಎಂದಳು ಅವಳು. "ಮೂರ್ನಾಕು ಸಾಲವೆ."

"ಓದು, ಓದು."

ಅವಳು ಅಕ್ಷರ ಹೇಳತೊಡಗಿದಳು. ಮೇಷ್ಟ್ರು ಮಧ್ಯೆ ಮಧ್ಯೆ ಪದ ಕೂಡಿಸಿಕೊಂಡು, "ವರ್ಷನ್... ಮಿಸ್‌ಮ್ಯಾಚ್... ಕಂಪೈಲ್ಡ್ ಫಾರ್..." ಎನ್ನುತ್ತಿದ್ದರು. ಒಂಬತ್ತಾಗಲು ಇಪ್ಪತ್ತೇ ನಿಮಿಷ ಇತ್ತು. ಅವರ ದನಿ ಬಿಗಿಯಾಗುತ್ತಿತ್ತು.

"ಎರಡು ಚುಕ್ಕೆ ನಾಕು ಚುಕ್ಕೆ ಹದಿನೆಂಟು. ಕೆಳಗ್ಲ ಸಾಲು... ಡಬ್ಲ್ಯು, ಎಚ್, ಐ, ಎಲ್, ಇ..."

"ವೈಲ್, ಗೊತ್ತಾಯ್ತು, ಮುಂದೆ."

"...ಎರಡು ಚುಕ್ಕೆ ನಾಕು ಚುಕ್ಕೆ ಹದಿನೆಂಟು..."

"ಅದೇ, ಅದೇ! ಒಂದೇ ನಂಬರು ಎರಡು ಸಲ ಯಾಕೆ ಓದ್ತೀಯ? ಮುಂದಿನ ಸಾಲು ಹೇಳು."

"ಮುಂದ್ಲ ಸಾಲಿಲ್ಲ. ಆದ್ರೆ ಇದ್ರಾಗೆ..."

"ಎರಡೂ ಒಂದೇ ನಂಬರ್ ಆದ್ರೆ ಮ್ಯಾಚ್ ಆಗಲ್ಲ ಅಂತ ಯಾಕೆ ಹೇಳುತ್ತೆ? ನೀನು ಏನೋ ತಪ್ಪು ಓದ್ತಿದೀಯ!"

ಪುಟ್ಟತಾಯಮ್ಮ ಬಾಯಿ ಮುಚ್ಚಿದಳು. ಮೇಷ್ಟ್ರು ಮತ್ತೆ ಮೊದಲಿನಿಂದ ಆಜ್ಞೆ ಕೊಟ್ಟರು, ಅದೇ ಬಂತು. ಇನ್ನೊಂದು ಥರ ಕೊಟ್ಟರು, ಅದೇ ಬಂತು. ಒಂಬತ್ತಕ್ಕೆ ಐದು ನಿಮಿಷವಿದ್ದಾಗ ನಿನ್ನೆಯ ಹೆದರಿಕೆಗೆ ಯಂತ್ರವನ್ನು ಸರಿಯಾಗಿ ಆರಿಸಿದರು. ಅವಳು ಎದ್ದು ಕುಡುಗೋಲು ತೆಗೆದುಕೊಂಡು ಕೆರೆಯ ಹಿಂದಿನ ಗದ್ದೆಗೆ ಹುಲ್ಲಿಗೆ ಹೋದಳು.

ಸಿಟ್ಟು ಬಂದಿತ್ತು. ಎರಡು ದಿನದಿಂದ ಉಂಡಿದ್ದೆಷ್ಟು, ಕೂತಿದ್ದೆಷ್ಟು! ಆ ಡಬ್ಬವನ್ನು ತೊಡೆಯ ಮೇಲೆ ಹೊತ್ತು ತಂದವಳು ತಾನು. ಈ ಯಂತ್ರಕ್ಕೆ ದನಿ ಬಂದರೆ ನಾಳೆಯಿಂದ ತನ್ನನ್ನು ಯಾರೂ ಓದು ಅನ್ನುವುದಿಲ್ಲ ಎನ್ನುವುದೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೂತಿದ್ದಳು. 'ದನಿ ಬರ್ದೇ ಓದ್ರೆ ಓಗ್ಲಿ ಬುಡು' ಎಂದುಕೊಂಡು ಸರಸರ ಹುಲ್ಲು ಕೊಯ್ದಳು. ಒಂದು ಹೊರೆಯಾಯಿತು. ಇನ್ನೊಂದು ಹಿಡಿ ಕೊಯ್ಯುವಾಗ, ಸಭೆಯಲ್ಲಿ ಎದ್ದು ನಿಂತು ಮಾತಾಡಿ ಬಂದ ದಿನ ಗಂಡ ಎಷ್ಟು ಸಂತೋಷದಿಂದ ಉಂಡಿದ್ದರು ಎನ್ನುವುದು ನೆನಪಾಯಿತು.

ಪರದೆಯ ಆ ಸಾಲು ಅವಳ ಕಣ್ಣಲ್ಲಿ ಹಾಗೇ ನಿಂತಿತ್ತು. ಪದ ಗೊತ್ತಿಲ್ಲದವಳು ಅಕ್ಷರವನ್ನು ಚಿತ್ರದ ಹಾಗೆ ನೋಡುತ್ತಾಳೆ. ಮೇಲಿನ ಸಾಲಿನಲ್ಲಿ ಹದಿನೆಂಟರ ಮುಂದೆ ಖಾಲಿ. ಕೆಳಗಿನ ಸಾಲಿನಲ್ಲಿ ಹದಿನೆಂಟರ ಮುಂದೆ ಏನೋ ಸಣ್ಣದು. ಅದನ್ನೇ ಅವಳು ಹೇಳಹೊರಟಿದ್ದು.

ಹೊರೆ ಹೊತ್ತು ಮನೆಗೆ ಬಂದಾಗ ಮೇಷ್ಟ್ರು ಜಗಲಿಯ ಮೇಲೆ ಬ್ರೈಲ್ ಹಾಳೆ ತೊಡೆಯಲ್ಲಿಟ್ಟುಕೊಂಡು ಕೂತಿದ್ದರು. ಹೆಜ್ಜೆಯ ಸದ್ದು ಕೇಳಿ, "ನಾನು ಹಂಗೆ ಕೂಗಬಾರದಿತ್ತು ಕಣೆ" ಅಂದರು.

"ಕೂಗಿದ್ದು ಇರ್ಲಿ. ನೀವು ನನ್ನ ಪೂರ್ತಿ ಓದಕ್ಕೆ ಬುಡ್ಲಿಲ್ಲ."

"ಅಂದ್ರೆ?"

"ಎರಡೂ ಒಂದೇ ಅಲ್ಲ ಕಣ್ರೀ. ಕೆಳಗ್ಲದ್ಕೆ ಬಾಲ ಅದೆ. ಹದಿನೆಂಟಾದ್ಮೇಲೆ ಒಂದು ಅಡ್ಡಗೆರೆ, ಆಮೇಲೆ ಕೆ, ಆಮೇಲೆ ಪಿ. ಮೇಲ್ಗಡೇದ್ಕೆ ಬಾಲ ಇಲ್ಲ."

ಮೇಷ್ಟ್ರು ಹಣೆ ಹಣೆ ಬಡಿದುಕೊಂಡು ನಕ್ಕರು.

"ಕೆಪಿ. ಕಂಠಪ್ಪ! ಶಿವಶಂಕರ ಈ ಕರ್ನಲ್ ಕಟ್ಟಿದಾಗ ತಮಾಷೆಗೆ ನನ್ನ ಹೆಸರು ಬಾಲಕ್ಕೆ ಹಾಕಿದಾರೆ. ಸಿಡಿಯಲ್ಲಿರೋದಕ್ಕೆ ಆ ಬಾಲ ಎಲ್ಲಿಂದ ಬರಬೇಕು? ನಾವು ಕಟ್ಟಿದ ಮಾಡ್ಯೂಲು ಬರೀ ಹದಿನೆಂಟರದ್ದು, ಓಡ್ತಿರೋ ಕರ್ನಲ್ ಹದಿನೆಂಟು ಕೆಪಿ. ಬೇರೆ ಮನೇದು ಅಂತ ಒಳಗೆ ಬಿಡ್ತಿಲ್ಲ."

"ಬಾಲ ನಾವೂ ಅಂಟಿಸ್ಬೌದಾ?"

"ಅಂಟಿಸಬಹುದು ಅಂತ ಕಾಣುತ್ತೆ. ಆವೃತ್ತಿಯ ಹೆಸರು ಬರೆದಿರೋ ಫೈಲು ಒಂದಿರಬೇಕಲ್ಲ. ನೀನು ಹುಡುಕಿಕೊಡಬೇಕು."

ಎರಡು ಗಂಟೆಯವರೆಗೆ ಮಾಡುವುದು ಏನೂ ಇರಲಿಲ್ಲ. ಪುಟ್ಟತಾಯಮ್ಮ ಮುದ್ದೆ ಕಟ್ಟಿದಳು, ಅವರೆಕಾಳಿನ ಸಾರು ಮಾಡಿದಳು. ಇಬ್ಬರೂ ಜೊತೆಗೆ ಕೂತು ಉಂಡರು.

ಕರೆಂಟು ಬಂದದ್ದು ಎರಡೂ ಹತ್ತಕ್ಕೆ. ಮೂಲ ಸಾಲುಗಳ ಕೋಶದಲ್ಲಿ ಮೇಕ್‌ಫೈಲ್ ಎನ್ನುವುದನ್ನು ಮೇಷ್ಟ್ರು ತೆರೆದರು. ಮೊದಲ ನಾಲ್ಕು ಸಾಲಿನಲ್ಲೇ ಅದು ಸಿಕ್ಕಿತು: ಒಂದರ ಮುಂದೆ ಎರಡು, ಇನ್ನೊಂದರ ಮುಂದೆ ನಾಲ್ಕು, ಮತ್ತೊಂದರ ಮುಂದೆ ಹದಿನೆಂಟು. ನಾಲ್ಕನೆಯದರ ಮುಂದೆ ಏನೂ ಇರಲಿಲ್ಲ.

"ಆ ಖಾಲಿ ಜಾಗಕ್ಕೆ ಓಗಿ. ಇನ್ನೊಂಚೂರು ಮುಂದೆ. ಆಂ, ಅಲ್ಲೇ" ಎಂದು ಅವಳು ಹೇಳುತ್ತಿದ್ದಂತೆ ಅವರು ಅಡ್ಡಗೆರೆ ಒತ್ತಿ, ಕೆ, ಪಿ ಒತ್ತುವ ಮುಂಚೆ ಕೇಳಿದರು: "ಕೆಪಿ ಸಣ್ಣಕ್ಷರವಾ ದೊಡ್ಡಕ್ಷರವಾ?"

"ಸಣ್ಣವು."

ಹೆಸರು ಬದಲಾದ್ದರಿಂದ ಡೆಪ್ ಮತ್ತೆ ಮಾಡಬೇಕಾಯಿತು. ಆ ಹತ್ತು ನಿಮಿಷ ಮೇಷ್ಟ್ರು ಬೆರಳಿನಿಂದ ಮೇಜು ಕುಟ್ಟುತ್ತಿದ್ದರು. ಆಮೇಲೆ ಸೌಂಡಿನದ್ದೊಂದನ್ನೇ ಕಟ್ಟಿಸಿದರು. ಅದೇ ಹತ್ತನ್ನೆರಡು ಸಾಲು ಒಂದೊಂದಾಗಿ ಬಂದವು. ಫೈಲನ್ನು ಒಯ್ದಿಟ್ಟು, ಪಟ್ಟಿ ಹೊಸದು ಮಾಡಿಸಿ, ಸೇರಿಸು ಎಂದರು.

"ಏನು ಬಂತು?"

"ಏನೂ ಬರ್ಲಿಲ್ಲ. ಸುಮ್ನೆ ಮುಂದ್ಲ ಸಾಲಿಗೆ ಓಗಿ ನಿಂತ್ಕಂತು."

"ಏನೂ ಬರ್ಲಿಲ್ವಾ? ಸರಿಯಾಗಿ ನೋಡು."

"ನೋಡ್ದೆ ಕಣ್ರೀ. ಬೈಗುಳ ಏನೂ ಇಲ್ಲ."

ತಪ್ಪಿಲ್ಲದಿದ್ದರೆ ಆ ಯಂತ್ರ ಏನೂ ಹೇಳುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ಮೇಷ್ಟ್ರಿಗೆ ಗೊತ್ತಿತ್ತು. ಅವರು ಕೈ ಒರೆಸಿಕೊಂಡು, ಓದುವ ಪ್ರೋಗ್ರಾಮನ್ನು ಎಬ್ಬಿಸುವ ಆಜ್ಞೆ ಒತ್ತಿದರು. ಸ್ಪೀಕರಿನಲ್ಲಿ ಟಪ್ ಎಂದು ಒಂದು ಸದ್ದಾಯಿತು. ಆಮೇಲೆ ಮೂಗಿನ ದನಿ, ಮೂರು ದಿನ ಏನೂ ಆಗಿಯೇ ಇಲ್ಲವೆನ್ನುವಂತೆ, ಪರದೆಯ ಮೇಲಿನದನ್ನೆಲ್ಲ ಗಡಗಡ ಓದತೊಡಗಿತು.

ಮೇಷ್ಟ್ರು ಅದನ್ನು ಪೂರ್ತಿ ಓದಲು ಬಿಟ್ಟರು. ತಡೆಯಲಿಲ್ಲ. ಪುಟ್ಟತಾಯಮ್ಮ ಗಂಡನ ಮುಖ ನೋಡುತ್ತಿದ್ದಳು.

"ಇನ್ನು ನಾನು ಓಗ್ಲಾ? ಕರೂಗೆ ನೀರಿಟ್ಟಿಲ್ಲ" ಎಂದಳು.

"ಇರು" ಎಂದರು ಮೇಷ್ಟ್ರು. ಪ್ರಶ್ನೆಪತ್ರಿಕೆಯ ಫೈಲನ್ನು ತೆರೆದು, ಕೊನೆಗೆ ತಾವು ಬರೆಯುತ್ತಿದ್ದ ಅರ್ಧ ವಾಕ್ಯವನ್ನು ಕೇಳಿಸಿಕೊಂಡು, "ಈ ಪರದೇಲಿ ನನ್ನ ಕಿವಿಗೆ ಬೀಳದೇ ಇರೋದು ಏನಾದ್ರೂ ಇದೆಯಾ ನೋಡು. ಸಾಲು ಸೊಟ್ಟ, ಜಾಗ ಹೆಚ್ಚು ಕಡಿಮೆ, ಅಂಥದ್ದು. ಅದನ್ನ ಇದು ಹೇಳಲ್ಲ" ಎಂದರು.

ಅವಳು ಕೂತಳು. ನೋಡಿದರೆ ಹನ್ನೊಂದನೇ ಪ್ರಶ್ನೆಯ ನಾಲ್ಕು ಉತ್ತರಗಳಲ್ಲಿ ಒಂದು ಎಲ್ಲಕ್ಕಿಂತ ಒಳಗೆ ಸರಿದಿತ್ತು. ಇನ್ನೊಂದು ಕಡೆ ಎರಡು ಪ್ರಶ್ನೆ ಒಂದಕ್ಕೊಂದು ಅಂಟಿಕೊಂಡಿದ್ದವು. ಐದರವರೆಗೆ ಇಬ್ಬರೂ ಅದನ್ನೇ ಮಾಡಿದರು. ಉಳಿದದ್ದನ್ನು ಸೋಮವಾರ ಬೆಳಿಗ್ಗೆ ಆರಕ್ಕೆ ಎದ್ದು ಮುಗಿಸಿ, ಎರಡು ಪ್ರತಿ ಮುದ್ರಿಸಿ ಲಕೋಟೆಗೆ ಹಾಕಿ ಅರಗು ಒತ್ತಿದರು. ಮೇಷ್ಟ್ರು ಒಂಬತ್ತರ ಬಸ್ಸಿಗೆ ಹೊರಟರು.

ಹುಣಸೂರಿನಲ್ಲಿ ಪತ್ರಿಕೆಗಳನ್ನು ತೆಗೆದುಕೊಳ್ಳುತ್ತಿದ್ದ ಹಿರಿಯ ಮೇಷ್ಟ್ರು ನಿಂಗಯ್ಯ ಲಕೋಟೆ ಒಡೆದು ಪುಟ ತಿರುವಿ, "ಬಲು ಅಚ್ಚುಕಟ್ಟಾಗದೆ. ಯಾರು ನೋಡ್ಕೊಟ್ರು?" ಎಂದು ಕೇಳಿದರಂತೆ.

"ಓದಿದ್ದು ಯಂತ್ರ. ಆ ಯಂತ್ರಕ್ಕೆ ದನಿ ಬರಿಸಿದ್ದು ನನ್ನ ಹೆಂಡ್ತಿ" ಎಂದರಂತೆ ಮೇಷ್ಟ್ರು.

ನಿಂಗಯ್ಯನವರಿಗೆ ಅರ್ಥವಾಗಲಿಲ್ಲ, ಆದರೆ ಕಾಫಿ ತರಿಸಿದರು. ಫೆಬ್ರವರಿಯಲ್ಲಿ ಪರೀಕ್ಷೆ ನಡೆಯಿತು. ಪತ್ರಿಕೆ ಸ್ವಲ್ಪ ಕಷ್ಟವಾಯಿತೆಂದು ಮಕ್ಕಳು ಗೊಣಗಿದರು, ತಪ್ಪಿದೆಯೆಂದು ಯಾರೂ ಹೇಳಲಿಲ್ಲ. ದೆಹಲಿಯಿಂದ ಬಂದ ಶಿವಶಂಕರ ಬಾಲದ ವಿಷಯ ಕೇಳಿ, ತಾನು ಹೇಳಲು ಮರೆತೆನೆಂದು ನಾಲಿಗೆ ಕಚ್ಚಿಕೊಂಡು, ಹೊಸ ಬ್ಯಾಟರಿ ಪೆಟ್ಟಿಗೆಯೊಂದನ್ನು ತಂದು ಕೂರಿಸಿಹೋದರು.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಮೇಷ್ಟ್ರು ಪೇಪರು ತಿದ್ದುವ ಕೆಲಸಕ್ಕೆ ಮೈಸೂರಿಗೆ ಹೋಗಿದ್ದಾಗ ಫೋನು ಬಂತು. ಆ ಕಡೆಯವರು ಹೆಗ್ಗಡದೇವನಕೋಟೆಯಿಂದ, ಹೆಸರು ಚಿಕ್ಕಣ್ಣ, ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರು, ಅವರಿಗೂ ಕಣ್ಣು ಕಾಣದು. ಸಿಡಿಲಿಗೆ ಸೌಂಡ್ ಕಾರ್ಡು ಹೋಗಿ ಹೊಸದು ಹಾಕಿಸಿದ್ದರು, ಈಗ ಯಂತ್ರ ಮೂಕವಾಗಿ ಕೂತಿತ್ತು. ಶಿವಶಂಕರ ಈ ನಂಬರು ಕೊಟ್ಟಿದ್ದರು.

"ಮೇಷ್ಟ್ರು ಇದ್ದಾರಾ?"

"ಅವರು ಊರಾಗಿಲ್ಲ. ನಾನವರ ಮನೆಯವಳು" ಎಂದಳು ಪುಟ್ಟತಾಯಮ್ಮ.

"ಹಾಗಾದ್ರೆ ಅವರು ಬಂದ ಮೇಲೆ ಮಾಡ್ತೀನಿ ಬಿಡಿಯಮ್ಮ."

"ಅವರು ಬರಾದು ನಾಕು ದಿನ ಆಯ್ತದೆ" ಎಂದು ಅವಳು ಮೇಜಿನ ಮೇಲಿದ್ದ ಚೀಟಿಯನ್ನು ಹತ್ತಿರ ಎಳೆದುಕೊಂಡಳು. ಆರು ಮೆಟ್ಟಿಲನ್ನೂ ಅವಳು ಆಗಲೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟುಕೊಂಡಿದ್ದಳು. "ನಿಮ್ಮನೇಲಿ ಪರದೆ ಓದಕ್ಕೆ ಯಾರವ್ರೆ?"

"ನಮ್ಮ ತಾಯಿ ಇದಾರೆ. ಅಕ್ಷರ ಗೊತ್ತು. ಅಷ್ಟೇ, ಇಂಗ್ಲಿಷ್ ಬರಲ್ಲ."

"ಬರ್ದಿದ್ರೆ ಚಿಂತಿಲ್ಲ. ಫೋನು ಅವರ ಕೈಗೆ ಕೊಡಿ."